ತೊಂಬತ್ತೊಂಬತ್ತು ಪರ್ಸೆಂಟ್ ಅನ್ನೋದು ಹೆಸರಲ್ಲ

ಎಂಟನೇ ಸೆಮಿಸ್ಟರ್ ಬಂತು ಅಂದ್ರೆ ಬಯೋಟೆಕ್ ವಿಭಾಗದ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಒಂದು ವಾಕ್ಯ ತಪ್ಪದೇ ಕಾಣಿಸಿಕೊಳ್ಳುತ್ತದೆ: "ಈ ಬ್ಯಾಕ್ಟೀರಿಯಾವನ್ನು 16ಎಸ್ ಸೀಕ್ವೆನ್ಸಿಂಗ್ ಮೂಲಕ ಬ್ಯಾಸಿಲಸ್ ಇಂಥದ್ದು ಎಂದು ಗುರುತಿಸಲಾಗಿದೆ, ಹೋಲಿಕೆ ಶೇ. 99.8." ಸ್ಯಾಂಪಲ್ ಕಬ್ಬಿನ ಗದ್ದೆಯ ಮಣ್ಣಾಗಿರಲಿ, ಕೆರೆಯ ನೀರಾಗಿರಲಿ, ಮೆಸ್ಸಿನ ದೋಸೆ ಹಿಟ್ಟಾಗಿರಲಿ, ವಾಕ್ಯ ಮಾತ್ರ ಅದೇ. ಹಿಂದಿನ ವರ್ಷದ ರಿಪೋರ್ಟಿನಿಂದ ಈ ವರ್ಷದ್ದಕ್ಕೆ, ಈ ವರ್ಷದ್ದರಿಂದ ಮುಂದಿನದಕ್ಕೆ ಆರಾಮಾಗಿ ದಾಟುತ್ತದೆ. ವೈವಾದಲ್ಲಿ ಯಾರೂ ಅದರ ಮೇಲೆ ಪ್ರಶ್ನೆ ಕೇಳೋದಿಲ್ಲ. ಶೇ. 99.8 ಅಂದಮೇಲೆ ಇನ್ನೇನು ಕೇಳೋದು?

ಕೇಳಬೇಕು ಅನ್ನೋದೇ ಈ ಬರಹದ ವಾದ. 16ಎಸ್ ಜೀನ್ ಒಂದನ್ನೇ ಓದಿ ಬ್ಯಾಕ್ಟೀರಿಯಾದ ಮನೆತನ ಯಾವುದು ಅಂತ ಹೇಳಬಹುದು. ಆ ಮನೆಯ ಯಾವ ಮಗ ಅಂತ ಹೇಳೋಕೆ ಎಷ್ಟೋ ಸಲ ಆಗೋದಿಲ್ಲ. ಆಗದೇ ಇದ್ದಾಗಲೂ ನಾವು ಪೂರ್ತಿ ಹೆಸರು ಬರೆದು ಬಿಡ್ತೀವಿ. ಹೆಸರು ಬರೆದ ಮೇಲೆ ಆ ಬ್ಯಾಕ್ಟೀರಿಯಾವನ್ನು ಹೊಲಕ್ಕೆ ಹಾಕಬಹುದು, ಊಟದಲ್ಲಿ ಸೇರಿಸಬಹುದು ಅಂತ ಮುಂದಿನ ಅಧ್ಯಾಯವನ್ನೂ ಬರೀತೀವಿ. ಅಪಾಯ ಇರೋದು ಅಲ್ಲೇ.

ಬೇರೆ ಬ್ರಾಂಚಿನವರು ಪುಟ ದಾಟಿಸಿ ಹೋಗಬೇಡಿ. ಇದರಲ್ಲಿ ಬಯಾಲಜಿಗಿಂತ ಲಾಜಿಕ್ ಜಾಸ್ತಿ ಇದೆ.

ಯಾಕೆ ಇದೇ ಜೀನ್?

ಬ್ಯಾಕ್ಟೀರಿಯಾಗಳನ್ನು ನೋಡಿ ಗುರುತು ಹಿಡಿಯೋದು ಮೊದಲಿನಿಂದಲೂ ಕಷ್ಟದ ಕೆಲಸ. ಮೈಕ್ರೋಸ್ಕೋಪಿನಡಿ ಒಂದು ಗುಂಡಗೆ, ಇನ್ನೊಂದು ಕಡ್ಡಿಯ ಹಾಗೆ, ಮತ್ತೊಂದು ಸುರುಳಿ. ಅಲ್ಲಿಗೆ ಆಕಾರದ ಕಥೆ ಹೆಚ್ಚುಕಡಿಮೆ ಮುಗಿಯಿತು. ಗ್ರಾಮ್ ಬಣ್ಣ ಹಾಕಿ ನೋಡೋದು, ಯಾವ ಸಕ್ಕರೆ ತಿನ್ನುತ್ತೆ, ಗಾಳಿ ಬೇಕಾ ಬೇಡವಾ, ಎಷ್ಟು ಬಿಸಿಯಲ್ಲಿ ಬೆಳೆಯುತ್ತೆ ಅಂತ ಪರೀಕ್ಷೆ ಮಾಡೋದು, ಇವುಗಳ ಮೇಲೆಯೇ ದಶಕಗಳ ಕಾಲ ವರ್ಗೀಕರಣ ನಡೆಯಿತು. ಒಂದೇ ಥರ ತಿಂದು ಒಂದೇ ಥರ ಬೆಳೆಯೋರೆಲ್ಲ ಒಂದೇ ವಂಶದವರು ಅನ್ನೋ ಖಾತ್ರಿ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಆದರೆ ಬೇರೆ ದಾರಿ ಇರಲಿಲ್ಲ.

ಆ ದಾರಿ ತೆರೆದಿದ್ದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಕಾರ್ಲ್ ವೋಸ್ ಕಾಲೇಜಿನಲ್ಲಿ ಓದಿದ್ದು ಗಣಿತ ಮತ್ತು ಭೌತಶಾಸ್ತ್ರ. ಅವರ ಜೊತೆಗಾರ ಜಾರ್ಜ್ ಫಾಕ್ಸ್ ಪಿಎಚ್‌ಡಿ ಮಾಡಿದ್ದು ಕೆಮಿಕಲ್ ಎಂಜಿನಿಯರಿಂಗಿನಲ್ಲಿ. (ಕೆಮಿಕಲ್ ಬ್ರಾಂಚಿನವರು ಕಾಲರ್ ಏರಿಸಿಕೊಳ್ಳಬಹುದು.) ಇವರು ಹಿಡಿದ ಎಳೆ ಇದು: ಎಲ್ಲ ಜೀವಿಗಳಲ್ಲೂ ಪ್ರೋಟೀನ್ ತಯಾರಿಸುವ ಯಂತ್ರ ಒಂದಿದೆ, ರೈಬೋಸೋಮ್. ಅದು ಕೆಟ್ಟರೆ ಜೀವವೇ ಇಲ್ಲ, ಹಾಗಾಗಿ ಅದರ ಬಿಡಿಭಾಗಗಳು ಬಹಳ ನಿಧಾನವಾಗಿ ಬದಲಾಗುತ್ತವೆ. ಅಂಥ ಒಂದು ಬಿಡಿಭಾಗ 16ಎಸ್ ಆರ್‌ಎನ್‌ಎ. ಎರಡು ಜೀವಿಗಳಲ್ಲಿ ಇದರ ಅಕ್ಷರಗಳು ಎಷ್ಟು ಬೇರೆಯಾಗಿವೆ ಅಂತ ಎಣಿಸಿದರೆ, ಅವು ಎಷ್ಟು ಹಿಂದೆ ಕವಲೊಡೆದವು ಅಂತ ಅಂದಾಜು ಸಿಗುತ್ತದೆ.

ಆಗ ಇಡೀ ಜೀನನ್ನು ಒಂದೇ ಸಲ ಓದುವ ಸೌಲಭ್ಯ ಇರಲಿಲ್ಲ. ಆರ್‌ಎನ್‌ಎಯನ್ನು ಎನ್‌ಜೈಮಿನಿಂದ ಚೂರು ಚೂರು ಮಾಡಿ, ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡಿದ ಚುಕ್ಕೆಗಳನ್ನು ನೋಡಿ ಪಟ್ಟಿ ಮಾಡುತ್ತಿದ್ದರು. ಹಾಗೆ ಹೋಲಿಸುತ್ತಾ ಹೋದಾಗ ಮೀಥೇನ್ ತಯಾರಿಸುವ ಕೆಲವು ಸೂಕ್ಷ್ಮಜೀವಿಗಳ ಪಟ್ಟಿ ಯಾವ ಬ್ಯಾಕ್ಟೀರಿಯಾಕ್ಕೂ ಹೊಂದಲಿಲ್ಲ. ನೋಡೋಕೆ ಬ್ಯಾಕ್ಟೀರಿಯಾದ ಹಾಗೇ ಇದ್ದವು, ವಂಶ ಮಾತ್ರ ಬೇರೆಯೇ. 1977ರಲ್ಲಿ ವೋಸ್ ಮತ್ತು ಫಾಕ್ಸ್ ಇದನ್ನು ಪ್ರಕಟಿಸಿದರು. ಇವತ್ತು ಪಠ್ಯಪುಸ್ತಕದಲ್ಲಿ ಇರುವ ಆರ್ಕಿಯಾ ಅನ್ನೋ ಮೂರನೇ ಸಾಮ್ರಾಜ್ಯ ಬಂದಿದ್ದು ಹೀಗೆ. ಒಂದೇ ಒಂದು ಜೀನ್ ಇಡೀ ಜೀವವೃಕ್ಷವನ್ನು ಮರಳಿ ಬರೆಸಿತು. ಹಾಗಾಗಿ 16ಎಸ್ ಬಗ್ಗೆ ನನಗೆ ಗೌರವ ಕಡಿಮೆ ಇಲ್ಲ.

ಈಗಿನ ವಿಧಾನ ಸುಲಭ. ಈ ಜೀನ್ ಸುಮಾರು 1,500 ಅಕ್ಷರ ಉದ್ದ. ಅದರಲ್ಲಿ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವ ಭಾಗಗಳಿವೆ, ಮಧ್ಯೆ ಮಧ್ಯೆ ಬದಲಾಗುವ ಒಂಬತ್ತು ಭಾಗಗಳಿವೆ. ಬದಲಾಗದ ಭಾಗಕ್ಕೆ ಅಂಟಿಕೊಳ್ಳುವ ಪ್ರೈಮರ್ ಜೋಡಿ ಹಾಕಿ ಪಿಸಿಆರ್ ಮಾಡಿದರೆ ಮಧ್ಯದ್ದೆಲ್ಲ ನಕಲಾಗಿ ಸಿಗುತ್ತದೆ. ಅದನ್ನು ಸ್ಯಾಂಗರ್ ಯಂತ್ರದಲ್ಲಿ ಓದಿಸಿ, ಬಂದ ಅಕ್ಷರಮಾಲೆಯನ್ನು ಬ್ಲಾಸ್ಟ್ ಪ್ರೋಗ್ರಾಮಿಗೆ ಕೊಟ್ಟರೆ, ಅದು ಜೀನ್‌ಬ್ಯಾಂಕಿನಲ್ಲಿ ಇರುವ ಸೀಕ್ವೆನ್ಸುಗಳ ಜೊತೆ ಹೋಲಿಸಿ ಪಟ್ಟಿ ಕೊಡುತ್ತದೆ. ಮೊದಲ ಸಾಲಿನಲ್ಲಿ ಒಂದು ಹೆಸರು, ಪಕ್ಕದಲ್ಲಿ ಒಂದು ಶೇಕಡಾ. ಪ್ಲೇಟಿನಿಂದ ಕಾಲೊನಿ ತೆಗೆದು ಹೊರಗಿನ ಲ್ಯಾಬಿಗೆ ಕಳಿಸಿದರೆ ಇಷ್ಟೂ ಕೆಲಸ ಅವರೇ ಮಾಡಿ ಪಿಡಿಎಫ್ ಕಳಿಸುತ್ತಾರೆ. ನಾವು ಮೊದಲ ಸಾಲನ್ನು ಕಾಪಿ ಮಾಡ್ತೀವಿ.

ಶೇ. 97ರ ನಿಯಮ ಹೇಳಿದ್ದೇನು?

"ಶೇ. 97 ದಾಟಿದರೆ ಒಂದೇ ಪ್ರಭೇದ" ಅನ್ನೋ ಮಾತು ನೋಟ್ಸಿನಿಂದ ನೋಟ್ಸಿಗೆ ಬರುತ್ತಾ ಇದೆ. ಇದರ ಮೂಲ ನೋಡಿದರೆ ಮಾತು ತಿರುಗುಮುರುಗಾಗಿದೆ ಅಂತ ತಿಳಿಯುತ್ತದೆ.

ಬ್ಯಾಕ್ಟೀರಿಯಾದಲ್ಲಿ ಪ್ರಭೇದ ಅಂದರೇನು ಅಂತ ಹೇಳೋಕೆ 1987ರಲ್ಲಿ ತಜ್ಞರ ಸಮಿತಿಯೊಂದು ಒಂದು ಗೆರೆ ಹಾಕಿತು. ಎರಡು ಬ್ಯಾಕ್ಟೀರಿಯಾಗಳ ಇಡೀ ಡಿಎನ್‌ಎಯನ್ನು ಬಿಸಿ ಮಾಡಿ ಎಳೆ ಬಿಡಿಸಿ, ಒಟ್ಟಿಗೆ ಬೆರೆಸಿ ತಣ್ಣಗಾಗಿಸಿದರೆ ಒಂದರ ಎಳೆ ಇನ್ನೊಂದರ ಎಳೆಗೆ ಎಷ್ಟು ಕೂಡಿಕೊಳ್ಳುತ್ತೆ ಅಂತ ಅಳೆಯಬಹುದು. ಅದು ಸುಮಾರು ಶೇ. 70 ಅಥವಾ ಹೆಚ್ಚಿದ್ದರೆ ಒಂದೇ ಪ್ರಭೇದ. ಆದರೆ ಇದು ಪ್ರತಿ ಜೋಡಿಗೂ ಮಾಡಬೇಕಾದ ಕಷ್ಟದ ಪ್ರಯೋಗ. 1994ರಲ್ಲಿ ಸ್ಟಾಕೆಬ್ರಾಂಟ್ ಮತ್ತು ಗೋಬೆಲ್ ಅನ್ನುವವರು ಲಭ್ಯವಿದ್ದ ಮಾಹಿತಿಯನ್ನು ಒಟ್ಟುಮಾಡಿ ನೋಡಿದಾಗ, 16ಎಸ್ ಹೋಲಿಕೆ ಶೇ. 97ಕ್ಕಿಂತ ಕಡಿಮೆ ಇದ್ದಾಗ ಡಿಎನ್‌ಎ ಕೂಡಿಕೆ ಶೇ. 70 ಮುಟ್ಟಲೇ ಇಲ್ಲ ಅಂತ ಕಂಡುಬಂತು. ಹಾಗಾದರೆ ಶೇ. 97ಕ್ಕಿಂತ ಕೆಳಗಿರುವ ಜೋಡಿಗೆ ಕಷ್ಟದ ಪ್ರಯೋಗ ಬೇಡ, ಅವು ಬೇರೆ ಬೇರೆಯೇ ಅಂದರು. ಮೇಲಿದ್ದರೆ? ಮೇಲಿದ್ದರೆ ಪ್ರಯೋಗ ಮಾಡಿಯೇ ನೋಡಬೇಕು.

ಗಮನಿಸಿ. ನಿಯಮ ಹೇಳಿದ್ದು "ಕಡಿಮೆ ಇದ್ದರೆ ಬೇರೆ" ಅಂತ. ನಾವು ಓದಿಕೊಂಡಿದ್ದು "ಹೆಚ್ಚಿದ್ದರೆ ಒಂದೇ" ಅಂತ. ಮೊದಲ ವರ್ಷದ ಲಾಜಿಕ್ ಪಾಠದಲ್ಲೇ ಇದು ತಪ್ಪು ಅಂತ ಹೇಳಿಕೊಟ್ಟಿರುತ್ತಾರೆ. ಟಿಕೆಟ್ ಇಲ್ಲದವನನ್ನು ಬಸ್ಸಿನಿಂದ ಇಳಿಸುತ್ತಾರೆ ಅಂದರೆ, ಟಿಕೆಟ್ ಇದ್ದವರೆಲ್ಲ ಒಂದೇ ಊರಿಗೆ ಹೋಗ್ತಾರೆ ಅಂತ ಅರ್ಥ ಅಲ್ಲವಲ್ಲ!

ಆಮೇಲೆ ಹೆಚ್ಚು ಜೀನೋಮುಗಳು ಸಿಕ್ಕಂತೆ ಆ ಗೆರೆಯೂ ಮೇಲೇರಿತು. 2006ರಲ್ಲಿ ಅದೇ ಸ್ಟಾಕೆಬ್ರಾಂಟ್ ಮತ್ತು ಇನ್ನೊಬ್ಬರು ಶೇ. 98.7ರಿಂದ 99 ಅಂದರು. 2014ರಲ್ಲಿ ಇನ್ನೊಂದು ತಂಡ ಶೇ. 98.65 ಅಂತ ಲೆಕ್ಕ ಕೊಟ್ಟಿತು. ಗೆರೆ ಎಲ್ಲಿದ್ದರೂ ಅದರ ಕೆಲಸ ಹೊರಗಿನವರನ್ನು ತಡೆಯೋದೇ. ಒಳಗಿರುವವರಲ್ಲಿ ಯಾರು ಯಾರು ಅಂತ ಹೇಳೋದು ಅದರ ಕೆಲಸವಲ್ಲ.

ಇದನ್ನು ಎಲ್ಲರಿಗಿಂತ ಮೊದಲು ಎಚ್ಚರಿಸಿದವರಲ್ಲಿ ಒಬ್ಬರು ಯಾರು ಗೊತ್ತಾ? ಅದೇ ಜಾರ್ಜ್ ಫಾಕ್ಸ್. 1992ರಲ್ಲಿ ಅವರ ತಂಡ ಎರಡು ಬ್ಯಾಸಿಲಸ್‌ಗಳನ್ನು ತೋರಿಸಿತು, ಗ್ಲೋಬಿಸ್ಪೋರಸ್ ಮತ್ತು ಸೈಕ್ರೋಫಿಲಸ್. ಅವುಗಳ 16ಎಸ್ ಹೋಲಿಕೆ ಶೇ. 99.5ಕ್ಕಿಂತ ಹೆಚ್ಚು. ಡಿಎನ್‌ಎ ಕೂಡಿಸಿ ನೋಡಿದರೆ ಎರಡೂ ಬೇರೆ ಬೇರೆ ಪ್ರಭೇದ. ಉಪಕರಣ ಕಟ್ಟಿದವರೇ ಅದರ ಮಿತಿಯನ್ನೂ ಬರೆದಿಟ್ಟರು. ಮೂವತ್ತು ವರ್ಷ ದಾಟಿದರೂ ನಾವು ಮ್ಯಾನುಯಲ್ಲಿನ ಆ ಪುಟ ಓದಿಲ್ಲ.

ಯಾಕೆ ಹೀಗಾಗುತ್ತೆ ಅನ್ನೋದಕ್ಕೆ ಸಣ್ಣ ಲೆಕ್ಕ ಸಾಕು. ಇ. ಕೊಲೈ ಬ್ಯಾಕ್ಟೀರಿಯಾದ ಪ್ರಸಿದ್ಧ ಕೆ-12 ತಳಿಯ ಜೀನೋಮ್ ಸುಮಾರು 46 ಲಕ್ಷ ಅಕ್ಷರ. ಅದರಲ್ಲಿ ನಾವು ಓದೋದು 1,500. ಅಂದರೆ 10,000 ಪುಟಗಳ ಪುಸ್ತಕದಲ್ಲಿ ಮೂರು ಪುಟ. ಅದೂ ಎಲ್ಲಕ್ಕಿಂತ ನಿಧಾನವಾಗಿ ಬದಲಾಗುವ ಪುಟಗಳು. 16ಎಸ್ ಅನ್ನೋದು ಗಂಟೆ ಮುಳ್ಳು ಮಾತ್ರ ಇರುವ ಗಡಿಯಾರ. ಬೆಳಗಾಯಿತಾ ಮಧ್ಯಾಹ್ನ ಆಯಿತಾ ಅಂತ ಚೆನ್ನಾಗಿ ಹೇಳುತ್ತದೆ. ನೂರು ಮೀಟರ್ ಓಟದಲ್ಲಿ ಯಾರು ಗೆದ್ದರು ಅಂತ ಅದನ್ನು ಕೇಳಬಾರದು.

ಹೆಸರು ತಪ್ಪಿದರೆ ಏನು ಮಹಾ?

"ಆಗಲಿ ಬಿಡಪ್ಪ, ಎರಡನೇ ಹೆಸರು ತಪ್ಪಿದರೆ ಆಕಾಶ ಬೀಳುತ್ತಾ?" ಅಂತ ಕೇಳಬಹುದು. ಎರಡು ಉದಾಹರಣೆ ನೋಡೋಣ.

ಮೊದಲನೆಯದು ಬ್ಯಾಸಿಲಸ್ ಮನೆತನದ ಮೂರು ಅಣ್ಣತಮ್ಮಂದಿರು. ಒಬ್ಬ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ನಮ್ಮ ರೈತರ ಬಾಯಲ್ಲಿ ಬಿಟಿ. ಇವನ ಹರಳಿನಂಥ ಪ್ರೋಟೀನ್ ಹುಳುವಿನ ಹೊಟ್ಟೆ ಕೆಡಿಸುತ್ತದೆ. ಜೈವಿಕ ಕೀಟನಾಶಕವಾಗಿ ಇವನನ್ನು ಸಿಂಪಡಿಸುತ್ತಾರೆ. ಇವನ ಜೀನ್ ಇರುವ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನೊಬ್ಬ ಬ್ಯಾಸಿಲಸ್ ಸೆರಿಯಸ್. ಮಣ್ಣಿನಲ್ಲಿ ಎಲ್ಲೆಲ್ಲೂ ಇರುವವನು, ಅಕ್ಕಿಯ ಜೊತೆ ಅಡುಗೆಮನೆಗೂ ಬರುತ್ತಾನೆ. ಇವನ ಬೀಜಾಣು ಅನ್ನ ಬೆಂದರೂ ಸಾಯೋದಿಲ್ಲ. ಅನ್ನವನ್ನು ಹೊರಗೇ ಇಟ್ಟರೆ ಬೆಳೆದು ವಿಷ ಬಿಡುತ್ತಾನೆ, ವಾಂತಿ ತರಿಸುವ ಆ ವಿಷ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ಹೋಗೋದಿಲ್ಲ. ಹಾಸ್ಟೆಲಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೂರನೆಯವನು ಬ್ಯಾಸಿಲಸ್ ಆಂಥ್ರಾಸಿಸ್, ಕುರಿ ದನಗಳನ್ನು ನಿಂತ ನಿಲುವಿನಲ್ಲಿ ಕೆಡವುವ ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ತರುವವನು.

ಒಬ್ಬ ರೈತನ ಗೆಳೆಯ, ಒಬ್ಬ ಹೊಟ್ಟೆ ಕೆಡಿಸುವವನು, ಒಬ್ಬ ಕೊಲೆಗಾರ. ಮೂವರ 16ಎಸ್ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರೋದು ಬೇರೆ ಕಡೆ: ಆಂಥ್ರಾಸಿಸ್‌ನ ವಿಷ ಮತ್ತು ಹೊದಿಕೆಯ ಜೀನ್‌ಗಳು ಎರಡು ಪ್ಲಾಸ್ಮಿಡ್‌ಗಳ ಮೇಲಿವೆ, ಬಿಟಿಯ ಹರಳಿನ ಜೀನ್‌ಗಳೂ ಬಹುತೇಕ ಪ್ಲಾಸ್ಮಿಡ್ ಮೇಲೇ ಇವೆ. ಪ್ಲಾಸ್ಮಿಡ್ ಅಂದರೆ ಮುಖ್ಯ ಜೀನೋಮಿನ ಹೊರಗೆ ಪೆನ್‌ಡ್ರೈವ್ ಥರ ಇರುವ ಸಣ್ಣ ಡಿಎನ್‌ಎ ಉಂಗುರ. 16ಎಸ್ ಓದುವ ನಾವು ಆ ಪೆನ್‌ಡ್ರೈವನ್ನು ತೆರೆದೇ ನೋಡಿರೋದಿಲ್ಲ. ಹೀಗಿರುವಾಗ "ನಮ್ಮ ಗದ್ದೆಯಲ್ಲಿ ಸಿಕ್ಕಿದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಶೇ. 99.9, ಆದ್ದರಿಂದ ಸುರಕ್ಷಿತ" ಅಂತ ಬರೆದರೆ, "ಆದ್ದರಿಂದ" ಅನ್ನೋ ಪದಕ್ಕೆ ಕಾಲೇ ಇಲ್ಲ.

ಎರಡನೆಯದು ನಮ್ಮ ಕರಾವಳಿಯದು. ಮೆಲಿಯಾಯ್ಡೋಸಿಸ್ ಅನ್ನೋ ಕಾಯಿಲೆ ಉಡುಪಿ, ದಕ್ಷಿಣ ಕನ್ನಡದ ಆಸ್ಪತ್ರೆಗಳಲ್ಲಿ ಅಪರೂಪದ ಹೆಸರಲ್ಲ. ಮಣ್ಣು, ನೀರಿನಲ್ಲಿರುವ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಬ್ಯಾಕ್ಟೀರಿಯಾದಿಂದ ಬರುತ್ತದೆ. ಮಳೆಗಾಲದಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಕೆಮ್ಮು, ಜ್ವರ, ತೂಕ ಇಳಿಯೋದು ನೋಡಿ ಟಿಬಿ ಅಂತ ಅಂದುಕೊಳ್ಳೋದೂ ಉಂಟು. ಸರಿಯಾಗಿ ಗುರುತಿಸಿದರೆ ಔಷಧಿ ಇದೆ. ಆದರೆ ದಾರಿ ಉದ್ದ: ಮೊದಲು ಹತ್ತು ಹದಿನಾಲ್ಕು ದಿನವಾದರೂ ರಕ್ತನಾಳದ ಮೂಲಕ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಥರದ ಔಷಧಿ, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಹೆಸರು ತಪ್ಪಿದರೆ ಇದ್ಯಾವುದೂ ಶುರುವಾಗೋದೇ ಇಲ್ಲ.

ಇದೇ ಕುಲದಲ್ಲಿ ಥೈಲಾಂಡೆನ್ಸಿಸ್ ಅನ್ನೋ ಇನ್ನೊಂದು ಪ್ರಭೇದ ಇದೆ. 1998ರಲ್ಲಿ ಇದಕ್ಕೆ ಬೇರೆ ಹೆಸರು ಕೊಟ್ಟರು. ಮನುಷ್ಯರಿಗೆ ಬಹುಮಟ್ಟಿಗೆ ನಿರುಪದ್ರವಿ. ಎರಡರ 16ಎಸ್ ಹೋಲಿಕೆ ಸುಮಾರು ಶೇ. 99. ಅಂದರೆ ಬರೀ ಶೇಕಡಾ ಗೆರೆ ನೋಡಿ ಕುಳಿತರೆ ಜೀವ ತೆಗೆಯುವುದೂ ಸುಮ್ಮನೆ ಮಣ್ಣಿನಲ್ಲಿರುವುದೂ ಒಂದೇ ಮನೆಯ ಒಂದೇ ಮಗ! ಹಾಗಾಗಿ ಇದನ್ನು ಖಚಿತಪಡಿಸೋಕೆ ಇವನಲ್ಲಿ ಮಾತ್ರ ಇರುವ ಬೇರೊಂದು ಜೀನ್ ಭಾಗವನ್ನು ಹುಡುಕುವ ಪಿಸಿಆರ್ ಬಳಸುತ್ತಾರೆ. 16ಎಸ್ ಬೀದಿ ತೋರಿಸಿತು. ಮನೆ ಬಾಗಿಲು ತಟ್ಟೋಕೆ ಬೇರೆ ವಿಳಾಸ ಬೇಕಾಯಿತು.

ಬಲೂನಿನಲ್ಲಿ ಸಿಕ್ಕ ಆರ್ಯಭಟ

ಸರಿಯಾಗಿ ಮಾಡಿದ ಕೆಲಸದಲ್ಲೂ ಹೆಸರು ಅಲುಗಾಡುತ್ತದೆ ಅನ್ನೋದಕ್ಕೆ ನಮ್ಮ ಇಸ್ರೋದ ಕಥೆಯೇ ಇದೆ. 2005ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಬಲೂನ್ ಕೇಂದ್ರದಿಂದ ಒಂದು ದೊಡ್ಡ ಬಲೂನು ಹಾರಿತು. ಕ್ರಿಮಿಶುದ್ಧ ಮಾಡಿ ಗಾಳಿ ತೆಗೆದ 16 ಸ್ಟೀಲ್ ಕೊಳವೆಗಳು ದ್ರವ ನಿಯಾನ್‌ನಲ್ಲಿ ಮುಳುಗಿದ್ದವು. ನೆಲದಿಂದ 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಅವು ಹೀರಿ ತಂದವು. ಹೈದರಾಬಾದಿನ ಸಿಸಿಎಂಬಿ ಮತ್ತು ಪುಣೆಯ ಎನ್‌ಸಿಸಿಎಸ್, ಎರಡು ಲ್ಯಾಬುಗಳು ಸ್ಯಾಂಪಲ್ ಪರೀಕ್ಷಿಸಿದವು. 12 ಬ್ಯಾಕ್ಟೀರಿಯಾ ಕಾಲೊನಿಗಳು, 6 ಶಿಲೀಂಧ್ರ ಕಾಲೊನಿಗಳು ಸಿಕ್ಕವು. ಬಹುಪಾಲು ಭೂಮಿಯ ಮೇಲೆ ಮೊದಲೇ ಗೊತ್ತಿದ್ದವುಗಳಿಗೆ 16ಎಸ್‌ನಲ್ಲಿ ಶೇ. 98ಕ್ಕಿಂತ ಹೆಚ್ಚು ಹೋಲುತ್ತಿದ್ದವು. ಮೂರು ಹೊಸ ಪ್ರಭೇದ ಅಂತ 2009ರಲ್ಲಿ ಘೋಷಿಸಿದರು: ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ನೆನಪಿಗೆ ಜಾನಿಬ್ಯಾಕ್ಟರ್ ಹಾಯ್ಲೈ, ಇಸ್ರೋ ಹೆಸರಲ್ಲಿ ಬ್ಯಾಸಿಲಸ್ ಇಸ್ರೋನೆನ್ಸಿಸ್, ಆರ್ಯಭಟನ ಹೆಸರಲ್ಲಿ ಬ್ಯಾಸಿಲಸ್ ಆರ್ಯಭಟ್ಟೈ.

ಇಲ್ಲಿ ಬ್ಲಾಸ್ಟಿನ ಮೊದಲ ಸಾಲು ಕಾಪಿ ಮಾಡಿ ಬಿಡಲಿಲ್ಲ. ಡಿಎನ್‌ಎ ಕೂಡಿಸಿ ನೋಡಿದರು, ಜೀವಕೋಶದ ಕೊಬ್ಬು ಯಾವುದು, ಏನು ತಿನ್ನುತ್ತೆ ಅಂತ ಪರೀಕ್ಷಿಸಿದರು. ಆದರೂ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜೀನೋಮುಗಳು ಒಂದೊಂದಾಗಿ ಬಂದ ಮೇಲೆ ಬ್ಯಾಸಿಲಸ್ ಅನ್ನೋ ಕುಲವೇ ಸಂತೆಯಾಗಿದೆ, ಸಂಬಂಧ ಇಲ್ಲದವರೂ ಒಂದೇ ಸೂರಿನಡಿ ಇದ್ದಾರೆ ಅಂತ ತಿಳಿಯಿತು. ಇಸ್ರೋನೆನ್ಸಿಸ್ ಸೋಲಿಬ್ಯಾಸಿಲಸ್ ಕುಲಕ್ಕೆ ಹೋಯಿತು. ಆರ್ಯಭಟ್ಟೈ 2020ರಲ್ಲಿ ಪ್ರೀಸ್ಟಿಯಾ ಅನ್ನೋ ಹೊಸ ಕುಲಕ್ಕೆ ಹೋಯಿತು, ಜೊತೆಗೆ ಅದರ ಹತ್ತಿರದ ನೆಂಟ ಮೆಗಟೇರಿಯಂ ಕೂಡ. ಆಕಾಶದಿಂದ ತಂದ ಮೂರರಲ್ಲಿ ಎರಡರ ಮನೆತನದ ಹೆಸರೇ ಬದಲಾಯಿತು. ಅಷ್ಟೇ ಅಲ್ಲ, ವಾಯುಮಂಡಲದಲ್ಲಿ ಸಿಕ್ಕ ಆರ್ಯಭಟ್ಟೈ ಹೆಸರಿನ ತಳಿಗಳು ಆಮೇಲೆ ಚಹಾ, ಸೋಯಾ ಗಿಡಗಳ ಬೇರಿನ ಮಣ್ಣಿನಲ್ಲೂ ಸಿಕ್ಕಿವೆ.

ಇದು ಆ ವಿಜ್ಞಾನಿಗಳ ಸೋಲಲ್ಲ. ಹೆಸರು ಬದಲಾದರೂ ಕೆಲಸ ಉಳಿದಿದೆ, ಯಾಕಂದರೆ ಅವರು ಜೀವಂತ ಮಾದರಿಯನ್ನು ಇಟ್ಟಿದ್ದಾರೆ. ಹೊಸ ಬ್ಯಾಕ್ಟೀರಿಯಾ ಪ್ರಭೇದಕ್ಕೆ ಹೆಸರಿಡುವವರು ಅದರ ಮೂಲ ತಳಿಯನ್ನು ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ನಮ್ಮಲ್ಲಿ ಚಂಡೀಗಢದ ಎಂಟಿಸಿಸಿ ಅಂಥದ್ದೊಂದು. 2019ರವರೆಗೆ ಪ್ಯಾರಿಸ್ ಹತ್ತಿರ ಒಂದು ಲೋಹದ ತುಂಡು ಇತ್ತಲ್ಲ, ಜಗತ್ತಿನ ಕಿಲೋಗ್ರಾಮೆಲ್ಲ ಅದಕ್ಕೆ ಹೋಲಿಸಿ? ಮೂಲ ತಳಿಯೂ ಹಾಗೇ. ಇಂಥ ಪ್ರಭೇದ ಅಂದರೆ "ಈ ಸೀಸೆಯಲ್ಲಿರುವವನಿಗೆ ಹತ್ತಿರದವನು" ಅಂತ ಅರ್ಥ. ಹೆಸರು ಚೀಟಿ, ಸೀಸೆ ಆಧಾರ. ನಮ್ಮ ಪ್ರಾಜೆಕ್ಟುಗಳಲ್ಲಿ ಚೀಟಿ ಮಾತ್ರ ಉಳಿಯುತ್ತದೆ. ರಿಪೋರ್ಟ್ ಬೈಂಡಿಂಗಿಗೆ ಹೋದ ವಾರವೇ ಪ್ಲೇಟುಗಳು ಆಟೋಕ್ಲೇವಿಗೆ ಹೋಗಿರುತ್ತವೆ.

ಸಿಎಸ್ ಗೆಳೆಯರಿಗೆ ಒಂದು ಮಾತು

ಬ್ಲಾಸ್ಟಿನ ಮೊದಲ ಸಾಲನ್ನು ಹೆಸರು ಅಂತ ಒಪ್ಪೋದನ್ನು ನಿಮ್ಮ ಭಾಷೆಯಲ್ಲಿ ಹೇಳಿದರೆ, ಒಬ್ಬನೇ ನೆರೆಯವನನ್ನು ನೋಡಿ ಲೇಬಲ್ ಹಾಕುವ ಕ್ಲಾಸಿಫೈಯರ್. ಅದರ ಎಲ್ಲ ರೋಗಗಳೂ ಇಲ್ಲಿವೆ. ಒಂದು, ಡೇಟಾದ ಲೇಬಲ್ ಕೊಳಕು. ಜೀನ್‌ಬ್ಯಾಂಕಿನಲ್ಲಿ ಸೀಕ್ವೆನ್ಸ್ ಹಾಕಿದವರು ಏನು ಹೆಸರು ಬರೆದರೋ ಬಹುತೇಕ ಅದೇ ಇರುತ್ತದೆ. ಅವರೂ ಇನ್ನೊಬ್ಬರ ಮೊದಲ ಸಾಲನ್ನು ಕಾಪಿ ಮಾಡಿದ್ದರೆ? ನಾವು ಅವರದ್ದನ್ನು ಕಾಪಿ ಮಾಡಿ ನಮ್ಮ ಸೀಕ್ವೆನ್ಸ್ ಹಾಕಿದರೆ, ಮುಂದಿನ ಬ್ಯಾಚಿನವರಿಗೆ ಅದು ಇನ್ನೊಂದು ಸಾಕ್ಷಿ. ಎರಡು, ಗೊತ್ತಿಲ್ಲದ್ದು ಬಂದರೆ "ಗೊತ್ತಿಲ್ಲ" ಅನ್ನೋ ಉತ್ತರವೇ ಇಲ್ಲ. ನಿಜಕ್ಕೂ ಹೊಸ ಪ್ರಭೇದ ಸಿಕ್ಕಿದ್ದರೂ ಹತ್ತಿರದ ಹೆಸರೇ ಮೇಲೆ ಬರುತ್ತದೆ. ಮೂರು, ಮೊದಲ ಹತ್ತು ಸಾಲುಗಳಲ್ಲಿ ನಾಲ್ಕು ಬೇರೆ ಪ್ರಭೇದಗಳು ಒಂದೇ ಅಂಕ ಪಡೆದಿದ್ದರೆ, ಯಾವುದು ಮೇಲೆ ಕೂತಿದೆ ಅನ್ನೋದಕ್ಕೆ ಅರ್ಥವೇ ಇಲ್ಲ. ಒಳ್ಳೆ ಮಾಡೆಲ್ ಕಟ್ಟುವವರು ಇಲ್ಲಿ ಮಾಡೋಕೆ ಬೇಕಾದಷ್ಟು ಕೆಲಸ ಇದೆ. ಬಯೋಟೆಕ್ ಜೊತೆ ಸೇರಿ ಒಂದು ಪ್ರಾಜೆಕ್ಟ್ ಮಾಡಿ ನೋಡಿ.

"ಬಿಇ ಪ್ರಾಜೆಕ್ಟಿಗೆ ಇಷ್ಟೆಲ್ಲಾ ಯಾಕೆ?"

ಈ ಪ್ರಶ್ನೆ ನ್ಯಾಯವಾದದ್ದೇ. ದುಡ್ಡು ಕಡಿಮೆ, ಸಮಯ ಕಡಿಮೆ, ಇಂಟರ್ನಲ್ಸ್ ಮಧ್ಯೆ ಪ್ರಾಜೆಕ್ಟ್. ಪ್ರತಿಯೊಬ್ಬರೂ ಇಡೀ ಜೀನೋಮ್ ಓದಿಸಿ ಅಂತ ನಾನು ಹೇಳ್ತಾ ಇಲ್ಲ. ಇಡೀ ಜೀನೋಮ್ ಓದಿದರೂ ವಾದ ಪೂರ್ತಿ ಮುಗಿಯೋದಿಲ್ಲ. ಅಲ್ಲಿ ಎರಡು ಜೀನೋಮುಗಳ ಸರಾಸರಿ ಹೋಲಿಕೆ ಶೇ. 95ರಿಂದ 96 ಇದ್ದರೆ ಒಂದೇ ಪ್ರಭೇದ ಅಂತ ಈಗಿನ ರೂಢಿ. ಆ ಲೆಕ್ಕದಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಮತ್ತು ಇ. ಕೊಲೈ ಒಂದೇ ಪ್ರಭೇದ ಆಗಬೇಕು. ಆದರೂ ವೈದ್ಯರಿಗೆ ಗೊಂದಲ ಆಗಬಾರದು ಅಂತ ಎರಡು ಹೆಸರನ್ನು ಉಳಿಸಿಕೊಂಡಿದ್ದಾರೆ. ಹೆಸರಿನಲ್ಲಿ ಯಾವಾಗಲೂ ಒಂದಿಷ್ಟು ಮನುಷ್ಯರ ತೀರ್ಮಾನ ಇದ್ದೇ ಇರುತ್ತದೆ.

ನಾನು ಕೇಳ್ತಾ ಇರೋದು ದುಡ್ಡು ಖರ್ಚಾಗದ ಕೆಲಸ. ಎಂಜಿನಿಯರ್ ಆದವನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಮೈಕ್ರಾನ್ ಲೆಕ್ಕದ ಉತ್ತರ ಬರೆದರೆ ಲ್ಯಾಬಿನಲ್ಲಿ ಮಾರ್ಕ್ಸ್ ಕಟ್ ಮಾಡ್ತಾರೆ. ಉಪಕರಣ ಎಷ್ಟು ಹೇಳುತ್ತೋ ಅಷ್ಟೇ ಬರೀಬೇಕು ಅಂತ ಮೊದಲ ಸೆಮಿಸ್ಟರಿನಿಂದ ಕಲಿಸುತ್ತಾರೆ. ಬ್ಯಾಕ್ಟೀರಿಯಾ ವಿಷಯದಲ್ಲಿ ಮಾತ್ರ ಯಾಕೆ ವಿನಾಯಿತಿ?

ಹಾಗಾಗಿ ವಿಭಾಗಕ್ಕೆ, ಮುಂದಿನ ಬ್ಯಾಚಿಗೆ ನನ್ನ ಬೇಡಿಕೆಗಳು ಇವು. ಹೊರಗಿನ ಲ್ಯಾಬು ಕಳಿಸಿದ ಪಿಡಿಎಫ್ ಜೊತೆ ಯಂತ್ರದ ಕಚ್ಚಾ ಗ್ರಾಫ್ ಕೇಳಿ ಪಡೆಯಿರಿ. ತುದಿಗಳಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದಿರುವ ಭಾಗವನ್ನು ಕತ್ತರಿಸಿ, ಎಷ್ಟು ಅಕ್ಷರ ಉಳಿಯಿತು ಅಂತ ಬರೆಯಿರಿ. 500 ಅಕ್ಷರದ ಶೇ. 99ಕ್ಕೂ 1,400 ಅಕ್ಷರದ ಶೇ. 99ಕ್ಕೂ ಬಹಳ ವ್ಯತ್ಯಾಸ. ಬ್ಲಾಸ್ಟಿನಲ್ಲಿ ಮೂಲ ತಳಿಗಳ ಸೀಕ್ವೆನ್ಸ್ ಜೊತೆ ಮಾತ್ರ ಹೋಲಿಸುವ ಆಯ್ಕೆ ಇದೆ, ಅದನ್ನು ಟಿಕ್ ಮಾಡಿ. ಒಂದು ಸಾಲಿನ ಬದಲು ಹತ್ತು ಸಾಲುಗಳನ್ನೂ ರಿಪೋರ್ಟಿನಲ್ಲಿ ಹಾಕಿ. ಮೇಲಿನ ಸಾಲುಗಳಲ್ಲಿ ಹಲವು ಪ್ರಭೇದಗಳು ಸಮ ಸಮ ಬಂದರೆ "ಬ್ಯಾಸಿಲಸ್ ಸೆರಿಯಸ್ ಗುಂಪಿನ ತಳಿ" ಅಂತ ಬರೆದು ನಿಲ್ಲಿಸಿ. ಅದು ಅಜ್ಞಾನ ಅಲ್ಲ, ಸರಿಯಾದ ಉತ್ತರ. ಆ ಬ್ಯಾಕ್ಟೀರಿಯಾವನ್ನು ಹೊಲಕ್ಕೋ ಆಹಾರಕ್ಕೋ ಬಳಸುವ ಮಾತು ಪ್ರಾಜೆಕ್ಟಿನಲ್ಲಿ ಇದ್ದರೆ ಮಾತ್ರ ಮುಂದಿನ ಹೆಜ್ಜೆ ಕಡ್ಡಾಯ ಆಗಲಿ: 16ಎಸ್‌ಗಿಂತ ಬೇಗ ಬದಲಾಗುವ ಜೈರ್‌ಬಿ, ಆರ್‌ಪಿಒಬಿ ಥರದ ಇನ್ನೊಂದು ಜೀನ್, ಇಲ್ಲವೇ ಜೀನೋಮ್, ಜೊತೆಗೆ ವಿಷದ ಜೀನ್‌ಗಳ ಪರೀಕ್ಷೆ. ಕೊನೆಯದಾಗಿ, ಗ್ಲಿಸರಾಲ್ ಸೇರಿಸಿದ ಎರಡು ಸಣ್ಣ ಸೀಸೆಗಳಲ್ಲಿ ನಿಮ್ಮ ತಳಿಯನ್ನು ವಿಭಾಗದ ಡೀಪ್ ಫ್ರೀಜರಿನಲ್ಲಿ ಇಟ್ಟು, ಅದರ ನಂಬರನ್ನು ರಿಪೋರ್ಟಿನ ಮೊದಲ ಪುಟದಲ್ಲಿ ಬರೆಯಿರಿ. ನಾಳೆ ಹೆಸರು ಬದಲಾದರೂ ಸೀಸೆ ತೆಗೆದು ಮತ್ತೆ ನೋಡಬಹುದು.

ಗೈಡ್ ಮೇಡಂ, ಸರ್‌ಗಳಿಗೂ ಒಂದು ವಿನಂತಿ. ವೈವಾದಲ್ಲಿ "ಇದೇ ಪ್ರಭೇದ ಅಂತ ಹೇಗೆ ಹೇಳ್ತೀರಿ? ಇದಲ್ಲದೆ ಇನ್ನೇನು ಇರಬಹುದು?" ಅಂತ ಎರಡೇ ಪ್ರಶ್ನೆ ಕೇಳಿ. ಒಂದು ವರ್ಷ ಕೇಳಿದರೆ ಸಾಕು, ಆ ಹಳೇ ವಾಕ್ಯ ಮುಂದಿನ ವರ್ಷದ ರಿಪೋರ್ಟಿಗೆ ದಾಟೋದಿಲ್ಲ.